ಹಳೆಯ ಕಾರು, ಸ್ವಂತ ರಿಪೇರಿ: ಪಾರ್ಟ್ ಕೊಳ್ಳುವ ಮೊದಲು ಏನೇನು ನೋಡಬೇಕು?

ಹಳೆಬಂಡಿ

ಎಲ್ಲರಿಗೂ ನಮಸ್ಕಾರ. ಅಪ್ಪ ಓಡಿಸುತ್ತಿದ್ದ ಪೆಟ್ರೋಲ್ ಕಾರು ಈಗ ನನ್ನ ಕೈಗೆ ಬಂದಿದೆ. ಇಪ್ಪತ್ತು ವರ್ಷ ದಾಟಿದ ಗಾಡಿ, ಕೈ ಗೇರಿನದು. ಓಡಿದ್ದು ಕಡಿಮೆ, ನಿಂತಿದ್ದೇ ಹೆಚ್ಚು. ಮಾರುವ ಮನಸ್ಸಿಲ್ಲ. ಆದಷ್ಟು ಕೆಲಸ ನಾನೇ ಕಲಿತು ಮಾಡಬೇಕು ಅಂತ ಆಸೆ. ಸ್ಟೆಪ್ನಿ ಹಾಕುವುದು, ಬಲ್ಬ್ ಬದಲಿಸುವುದು ಬಿಟ್ಟರೆ ಸದ್ಯಕ್ಕೆ ಬೇರೇನೂ ಬಾರದು.

ಈಗಿನ ತೊಂದರೆ ಇದು: ಟ್ರಾಫಿಕ್‌ನಲ್ಲಿ ನಿಂತರೆ ಟೆಂಪರೇಚರ್ ಮುಳ್ಳು ಮೆಲ್ಲಗೆ ಏರುತ್ತದೆ. ಗಾಡಿ ಓಡತೊಡಗಿದರೆ ಮತ್ತೆ ನಡುವಿಗೆ ಇಳಿಯುತ್ತದೆ. ಗ್ಯಾರೇಜಿಗೆ ಒಯ್ದರೆ ಬಾನೆಟ್ ಎತ್ತಿ ನೋಡಿ, ರೇಡಿಯೇಟರ್, ವಾಟರ್ ಪಂಪ್ ಎರಡೂ ಬದಲಿಸಬೇಕು ಅಂದರು. ಏನನ್ನೂ ಪರೀಕ್ಷೆ ಮಾಡಿದ್ದು ಕಾಣಲಿಲ್ಲ. ಜೊತೆಗೆ ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ಒಂದೆರಡು ಹನಿ ಆಯಿಲ್ ಇರುತ್ತದೆ. ಎಲ್ಲಿಂದ ಶುರು ಮಾಡಲಿ?

ದೂರದಾರಿ

ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾದ ಮೇಲೆ ಮಾತ್ರ ರೇಡಿಯೇಟರ್‌ಗೆ ನೀರು ಬಿಡುವ ವಾಲ್ವ್, ತೆಗೆದುಬಿಡಿ ಸರ್. ಹಳೆ ಗಾಡಿಯಲ್ಲಿ ಕೈಕೊಡುವುದು ಅದೇ. ಹಿಂದಿನ ಕಾರನ್ನು ವರ್ಷಗಟ್ಟಲೆ ಥರ್ಮೋಸ್ಟಾಟ್ ಇಲ್ಲದೇ ಓಡಿಸಿದ್ದೇನೆ, ಒಮ್ಮೆಯೂ ಹೀಟ್ ಆಗಲಿಲ್ಲ. ಎಂಜಿನ್ ಆಯಿಲ್ ಸ್ವಲ್ಪ ದಪ್ಪದ್ದು ಹಾಕಿ, ಲೀಕ್ ಕೂಡ ಕಡಿಮೆಯಾಗುತ್ತದೆ.

ಪಾನಾಪೆಟ್ಟಿಗೆ

ಹಳೆಬಂಡಿಯವರೇ, ನೀವು ಬರೆದ ಲಕ್ಷಣದಲ್ಲೇ ಅರ್ಧ ಉತ್ತರ ಇದೆ. ನಿಂತಾಗ ಬಿಸಿ, ಓಡುವಾಗ ಸರಿ. ಓಡುವಾಗ ರೇಡಿಯೇಟರ್‌ಗೆ ಎದುರುಗಾಳಿ ತಾನಾಗಿ ಸಿಗುತ್ತದೆ. ನಿಂತಾಗ ಗಾಳಿ ಎಳೆಯಬೇಕಾದದ್ದು ಫ್ಯಾನ್. ರೇಡಿಯೇಟರ್ ಒಳಗೆ ಕಟ್ಟಿಕೊಂಡಿದ್ದರೆ, ಅಥವಾ ಪಂಪ್ ಸರಿಯಾಗಿ ನೀರು ತಳ್ಳದಿದ್ದರೆ, ಏರು ಹತ್ತುವಾಗ, ವೇಗವಾಗಿ ಹೋಗುವಾಗ ಮುಳ್ಳು ಏರಬೇಕಿತ್ತು. ಎಂಜಿನ್ ಹೆಚ್ಚು ಶಾಖ ಹುಟ್ಟಿಸುವುದು ಆಗಲೇ ತಾನೇ? ನಿಮ್ಮ ಗಾಡಿಯಲ್ಲಿ ಅದು ತಿರುಗುಮುರುಗಾಗಿದೆ. ಹಾಗಾಗಿ ಮೊದಲ ಅನುಮಾನ ಫ್ಯಾನ್ ಮೇಲೆ. ಅದನ್ನು ನೋಡುವ ತನಕ ರೇಡಿಯೇಟರ್ ಕೊಳ್ಳಬೇಡಿ.

ಪರೀಕ್ಷೆ ಸುಲಭ. ಎಂಜಿನ್ ಪೂರ್ತಿ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಬಾಯಿಮಟ್ಟ ಇದೆಯಾ ನೋಡಿ. ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಂಡರೆ ಸಾಲದು, ಡಬ್ಬಿ ತುಂಬಿದ್ದು ರೇಡಿಯೇಟರ್ ಖಾಲಿ ಇರುವುದೂ ಉಂಟು. ಬಿಸಿ ಇರುವಾಗ ಮಾತ್ರ ಆ ಮುಚ್ಚಳಕ್ಕೆ ಕೈ ಹಾಕಬೇಡಿ. ಒಳಗೆ ಸುಮಾರು 1 ಬಾರ್ ಒತ್ತಡ ಇರುತ್ತದೆ. ಆ ಒತ್ತಡದಿಂದಲೇ ಕೂಲೆಂಟ್ 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಇಳಿದು ಒಳಗಿನದೆಲ್ಲ ಒಮ್ಮೆಲೇ ಕುದಿದು ಮುಖಕ್ಕೆ ಎರಚುತ್ತದೆ.

ನಂತರ ಮುಚ್ಚಳ ಹಾಕಿ, ಸ್ಟಾರ್ಟ್ ಮಾಡಿ ನಿಂತಲ್ಲೇ ಬಿಡಿ. ಮುಳ್ಳು ನಡು ದಾಟಿದರೂ ಫ್ಯಾನ್ ತಿರುಗದಿದ್ದರೆ ಎಸಿ ಹಾಕಿ ನೋಡಿ. ಬಹಳಷ್ಟು ಕಾರುಗಳಲ್ಲಿ ಎಸಿ ಹಾಕಿದರೆ ರೇಡಿಯೇಟರ್ ಫ್ಯಾನ್ ಕೂಡ ಓಡಬೇಕು. ಎಸಿಗೆ ಓಡಿ, ಬಿಸಿಗೆ ಓಡದಿದ್ದರೆ ಮೋಟಾರ್ ಚೆನ್ನಾಗಿದೆ, ಸೆನ್ಸರ್ ಅಥವಾ ಸ್ವಿಚ್ ಕಡೆ ನೋಡಬೇಕು. ಎರಡಕ್ಕೂ ಓಡದಿದ್ದರೆ ಫ್ಯೂಸ್, ರಿಲೇ (ಸಣ್ಣ ಕರೆಂಟಿನಿಂದ ಆನ್ ಆಗುವ ಸ್ವಿಚ್), ವೈರು, ಕೊನೆಗೆ ಮೋಟಾರ್. ಮುಳ್ಳು ಕೆಂಪು ಪಟ್ಟಿಯ ಹತ್ತಿರ ಹೋಗಲು ಬಿಡಬೇಡಿ, ಅದಕ್ಕೆ ಮೊದಲೇ ಆಫ್ ಮಾಡಿ.

ದೂರದಾರಿಯವರ ಸಲಹೆಗೆ ನನ್ನ ವಿರೋಧ ಇದೆ. ಥರ್ಮೋಸ್ಟಾಟ್ ಮುಚ್ಚಿಕೊಂಡೇ ನಿಂತಿದ್ದರೆ ಗಾಡಿ ಓಡುವಾಗಲೂ ಹೀಟ್ ಆಗುತ್ತದೆ. ಇಲ್ಲಿ ಆ ಲಕ್ಷಣವೇ ಇಲ್ಲ. ಇನ್ನು ತೆಗೆದೇ ಓಡಿಸುವ ವಿಷಯ. ಹೆಚ್ಚಿನ ಥರ್ಮೋಸ್ಟಾಟ್‌ಗಳು 80 ರಿಂದ 90 ಡಿಗ್ರಿ ನಡುವೆ ಬಾಯಿ ತೆರೆಯುವಂತೆ ಮಾಡಿರುತ್ತಾರೆ, ಎಂಜಿನ್ ಬೇಗ ಆ ಬಿಸಿಗೆ ಬಂದು ಅಲ್ಲೇ ನಿಲ್ಲಲಿ ಅಂತ. ಅದಿಲ್ಲದಿದ್ದರೆ ಎಂಜಿನ್ ಬಹಳ ಹೊತ್ತು ತಣ್ಣಗೇ ಓಡುತ್ತದೆ. ಫ್ಯುಯೆಲ್ ಇಂಜೆಕ್ಷನ್ ಗಾಡಿಯಾದರೆ ಕಂಪ್ಯೂಟರ್ ‘ಇನ್ನೂ ಬಿಸಿಯಾಗಿಲ್ಲ’ ಅಂತ ತಿಳಿದು ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಸುಡದೆ ಉಳಿದದ್ದು ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಕೆಳಗಿಳಿಯುತ್ತದೆ. ಮೈಲೇಜ್ ಹೋಗುತ್ತದೆ, ರಿಂಗ್ ಸವೆಯುತ್ತದೆ. ಹೀಟ್ ಆಗಲಿಲ್ಲ ಅನ್ನುವುದು ನಿಜ ಇರಬಹುದು. ಆದರೆ ಆ ಎಂಜಿನ್ ಆರೋಗ್ಯವಾಗಿತ್ತು ಅಂತ ಅದರಿಂದ ಸಾಬೀತಾಗುವುದಿಲ್ಲ.

ದೂರದಾರಿ

ಲಕ್ಷಣ ಓದಿ ಹೇಳಿದ್ದು ಸರಿ ಇದೆ, ಫ್ಯಾನ್ ಮೊದಲು ನೋಡಲಿ. ಆದರೆ ಆಯಿಲ್ ವಿಷಯದಲ್ಲಿ ನಾನು ಬಿಡುವುದಿಲ್ಲ. ಹಳೆ ಎಂಜಿನ್‌ನಲ್ಲಿ ಸಂದುಗಳು ಸವೆದು ಅಗಲವಾಗಿರುತ್ತವೆ. ನೀರಿನಂಥ ಆಯಿಲ್ ಹಾಕಿದರೆ ಪ್ರೆಷರ್ ಎಲ್ಲಿ ನಿಲ್ಲುತ್ತದೆ?

ಗ್ಯಾರೇಜ್‌ಮನೆ

ನಾನು ಇದೇ ಕೆಲಸ ಮಾಡಿ ಬದುಕುವವನು, ಆದ್ದರಿಂದ ಎರಡು ಮಾತು.

ಆಯಿಲ್ ಬಗ್ಗೆ: ಗಾಡಿಯ ಕೈಪಿಡಿ ತೆಗೆದು ನೋಡಿ. ಹಳೆ ಕೈಪಿಡಿಗಳಲ್ಲಿ ಹವಾಮಾನಕ್ಕೆ ತಕ್ಕಂತೆ ಮೂರು ನಾಲ್ಕು ಗ್ರೇಡ್ ಕೊಟ್ಟಿರುತ್ತಾರೆ. 10ಡಬ್ಲ್ಯೂ-40 ಅಂದಾಗ ‘ಡಬ್ಲ್ಯೂ’ ಹಿಂದಿನ ಸಂಖ್ಯೆ ಚಳಿಯಲ್ಲಿ ಹರಿಯುವ ಗುಣ ಹೇಳುತ್ತದೆ, ಅದು ಕಡಿಮೆ ಇದ್ದಷ್ಟೂ ತಣ್ಣನೆಯ ಎಂಜಿನ್‌ಗೆ ಬೇಗ ತಲುಪುತ್ತದೆ. ಮುಂದಿನ ಸಂಖ್ಯೆ ಎಂಜಿನ್ ಬಿಸಿಯಾದಾಗಿನ ದಪ್ಪ. ಎಂಜಿನ್ ಆಯಿಲ್ ಕುಡಿಯುತ್ತಿದ್ದರೆ, ಕೈಪಿಡಿಯ ಪಟ್ಟಿಯಲ್ಲೇ ಇರುವ ದಪ್ಪದ ಗ್ರೇಡಿಗೆ ಹೋಗುವುದರಲ್ಲಿ ತಪ್ಪಿಲ್ಲ. ಅಷ್ಟರ ಮಟ್ಟಿಗೆ ದೂರದಾರಿಯವರ ಮಾತು ಸರಿ. ಪಟ್ಟಿ ದಾಟಿ ಹೋಗಬಾರದು. ಲೀಕ್ ಆಗುತ್ತಿದೆ ಅಂತಲಂತೂ ಗ್ರೇಡ್ ಬದಲಿಸಬಾರದು. ಲೀಕ್ ಇರುವುದು ಸೀಲ್‌ನಲ್ಲೋ ಪ್ಯಾಕಿಂಗ್‌ನಲ್ಲೋ. ರಿಪೇರಿ ಆಗಬೇಕಾದದ್ದೂ ಅಲ್ಲೇ.

ಎರಡನೆಯದು, ನೋಡದೇ ಪಾರ್ಟ್ ಬದಲಿಸಿ ಅಂದ ಗ್ಯಾರೇಜಿನ ವಿಷಯ. ಹಾಗೆ ಹೇಳಿದ್ದು ಸರಿಯಲ್ಲ. ಆದರೆ ಅದರ ಹಿಂದಿನ ಕಾರಣವೂ ನಿಮಗೆ ತಿಳಿದಿರಲಿ. ದೋಷ ಹುಡುಕಲು ಹಿಡಿಯುವ ಹೊತ್ತಿಗೆ ದುಡ್ಡು ಕೊಡುವ ಗಿರಾಕಿ ಕಡಿಮೆ. ಪಾರ್ಟ್ ಹಾಕಿದ್ದಕ್ಕೆ ಎಲ್ಲರೂ ಕೊಡುತ್ತಾರೆ. ಸ್ವಂತ ಗಾಡಿ ನೋಡಿಕೊಳ್ಳುವವರಿಗೆ ಇಲ್ಲೇ ದೊಡ್ಡ ಅನುಕೂಲ. ನಿಮಗೆ ಸಮಯದ ಬಿಲ್ ಇಲ್ಲ, ಒಂದು ಸಂಜೆ ಪೂರ್ತಿ ಒಂದೇ ವೈರಿನ ಹಿಂದೆ ಹೋಗಬಹುದು. ನಮ್ಮಷ್ಟು ಉಪಕರಣ ನಿಮ್ಮಲ್ಲಿ ಇರಲಿಕ್ಕಿಲ್ಲ, ಆದರೆ ಬಿಡುವು ಇದೆ. ಅದನ್ನು ಹುಡುಕುವುದಕ್ಕೆ ಬಳಸಿ.

ಮೀಟರ್‌ಮುಳ್ಳು

ಒಂದು ಡಿಜಿಟಲ್ ಮಲ್ಟಿಮೀಟರ್ ಇಟ್ಟುಕೊಳ್ಳಿ. ಪಾನಾ ಸೆಟ್‌ಗಿಂತ ಮೊದಲು ಕೊಳ್ಳಬೇಕಾದದ್ದು ಅದು ಅಂತ ನನ್ನ ಅಭಿಪ್ರಾಯ. ಇಪ್ಪತ್ತು ವರ್ಷದ ಗಾಡಿಯಲ್ಲಿ ಎಲೆಕ್ಟ್ರಿಕಲ್ ದೋಷ ಅಂದರೆ ಬಹುಪಾಲು ಕನೆಕ್ಟರ್ ಹಸಿರುಗಟ್ಟಿದ್ದು, ಅರ್ತ್ (ಕರೆಂಟ್ ಬ್ಯಾಟರಿ ನೆಗೆಟಿವ್‌ಗೆ ವಾಪಸ್ ಹೋಗುವ ದಾರಿ) ಬೋಲ್ಟ್ ತುಕ್ಕು ಹಿಡಿದದ್ದು.

ಅಭ್ಯಾಸಕ್ಕೆ ಬ್ಯಾಟರಿಯಿಂದ ಶುರು ಮಾಡಿ. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಿದರೆ ಫುಲ್ ಚಾರ್ಜ್, 12.4 ಅಂದರೆ ಮುಕ್ಕಾಲು, 12ಕ್ಕಿಂತ ಕೆಳಗೆ ಅಂದರೆ ಖಾಲಿಯೇ. ಎಂಜಿನ್ ಓಡುವಾಗ ಹಳೆ ಗಾಡಿಗಳಲ್ಲಿ 13.8 ರಿಂದ 14.5 ಬರಬೇಕು. ಬಾರದಿದ್ದರೆ ಆಲ್ಟರ್ನೇಟರ್, ಬೆಲ್ಟ್, ಅದರ ವೈರು ನೋಡಿ.

ಫ್ಯಾನ್‌ಗೆ ಬಂದರೆ: ಫ್ಯೂಸ್ ನೋಡಿ. ಸುಟ್ಟಿದ್ದರೆ ಅದೇ ಆಂಪಿಯರ್‌ನದ್ದೇ ಹಾಕಿ. ದೊಡ್ಡದು ಹಾಕಿದರೆ ಮುಂದಿನ ಸಲ ಸುಡುವುದು ಫ್ಯೂಸ್ ಅಲ್ಲ, ವೈರಿಂಗ್. ರಿಲೇ ಬಗ್ಗೆ ಅನುಮಾನ ಇದ್ದರೆ ಅದೇ ನಂಬರಿನ ಇನ್ನೊಂದು ರಿಲೇ, ಸಾಮಾನ್ಯವಾಗಿ ಹಾರ್ನ್‌ದು, ಅದಲುಬದಲು ಮಾಡಿ ನೋಡಬಹುದು. ಅದಕ್ಕೂ ಓಡದಿದ್ದರೆ ಎಂಜಿನ್ ಆಫ್ ಇಟ್ಟು, ರಿಲೇ ಕಿತ್ತು, ಇಗ್ನಿಷನ್ ಆನ್ ಮಾಡಿ, ಸಾಕೆಟ್‌ನ 30 ಮತ್ತು 87 ನಂಬರಿನ ಕಿಂಡಿಗಳ ನಡುವೆ ಫ್ಯೂಸ್ ಇರುವ ತುಂಡು ವೈರ್ ಹಾಕಿ. ಫ್ಯಾನ್ ತಿರುಗಬೇಕು. ಯಾವ ಕಿಂಡಿ ಯಾವುದು ಅಂತ ರಿಲೇ ಮೈಮೇಲೆ ಚಿತ್ರ ಇರುತ್ತದೆ. ಕೆಲವು ಗಾಡಿಗಳಲ್ಲಿ ಸ್ವಿಚಿಂಗ್ ಅರ್ತ್ ಕಡೆಯಿಂದ ಇರುತ್ತದೆ, ಹಾಗಾಗಿ ವೈರಿಂಗ್ ಚಿತ್ರ ಸಿಕ್ಕರೆ ನೋಡಿಕೊಂಡೇ ಮಾಡಿ. ಫ್ಯಾನ್ ರೆಕ್ಕೆಯಿಂದ ಬೆರಳು ದೂರ ಇರಲಿ. ಕೆಲವು ಗಾಡಿಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ಇದ್ದಕ್ಕಿದ್ದಂತೆ ಶುರುವಾಗುತ್ತದೆ.

ಹಳೆಬಂಡಿ

ಎಲ್ಲರಿಗೂ ಧನ್ಯವಾದ. ಹೇಳಿದ ಕ್ರಮದಲ್ಲೇ ನೋಡಿದೆ. ಕೂಲೆಂಟ್ ಮಟ್ಟ ಸರಿ ಇದೆ. ಫ್ಯಾನ್ ಬಿಸಿಗೂ ಓಡುತ್ತಿಲ್ಲ, ಎಸಿಗೂ ಓಡುತ್ತಿಲ್ಲ. ಫ್ಯೂಸ್ ಚೆನ್ನಾಗಿದೆ. ಹಾರ್ನ್ ರಿಲೇ ಹಾಕಿದರೂ ಅಷ್ಟೇ. ತುಂಡು ವೈರ್ ಹಾಕಿ, ಫ್ಯಾನ್ ಪ್ಲಗ್ ಬಿಚ್ಚಿ, ಪ್ಲಗ್‌ನ ಎರಡು ಪಿನ್ ನಡುವೆ ಅಳೆದರೆ 12.5 ವೋಲ್ಟ್ ಬರುತ್ತಿದೆ. ಅಂದರೆ ಕರೆಂಟ್ ಬರುತ್ತಿದೆ, ಮೋಟಾರ್ ಹೋಗಿದೆ ಅಂತ ತಾನೇ? ಮೋಟಾರ್ ತರಿಸಲಾ?

ಮೀಟರ್‌ಮುಳ್ಳು

ತರಿಸಬೇಡಿ, ಇನ್ನೊಂದೇ ಅಳತೆ ಬಾಕಿ ಇದೆ, ಅದೇ ಮುಖ್ಯವಾದದ್ದು. ಪ್ಲಗ್ ಬಿಚ್ಚಿದಾಗ ಆ ವೈರಿನಲ್ಲಿ ಕರೆಂಟ್ ಹರಿಯುತ್ತಿಲ್ಲ. ಹರಿಯದಿದ್ದರೆ ತುಕ್ಕು ಹಿಡಿದ ಜಾಯಿಂಟ್ ಕೂಡ ಪೂರ್ತಿ ವೋಲ್ಟೇಜ್ ತೋರಿಸುತ್ತದೆ, ಮೀಟರ್ ಎಳೆಯುವ ಕರೆಂಟ್ ಅಷ್ಟು ಕಡಿಮೆ. ಲೋಡ್ ಇದ್ದಾಗ, ಅಂದರೆ ಮೋಟಾರ್ ಸೇರಿಸಿಟ್ಟು ಕರೆಂಟ್ ಹರಿಯುವಾಗ, ಅಳೆಯಬೇಕು.

ತುಂಡು ವೈರ್ ಹಾಗೇ ಇರಲಿ, ಪ್ಲಗ್ ವಾಪಸ್ ಹಾಕಿ. ಕನೆಕ್ಟರ್ ಹಿಂಭಾಗದಿಂದ, ವೈರ್ ಒಳಗೆ ಹೋಗುವ ಸಂದಿನಲ್ಲಿ, ಮೀಟರ್‌ನ ಸೂಜಿ ತೂರಿಸಿ ಮೂರು ಅಳತೆ ತಗೊಳ್ಳಿ. ಒಂದು, ಮೋಟಾರ್‌ನ ಎರಡು ವೈರಿನ ನಡುವೆ. ಎರಡು, ಬ್ಯಾಟರಿ ಪಾಸಿಟಿವ್‌ನಿಂದ ಮೋಟಾರ್ ಪಾಸಿಟಿವ್ ವೈರಿಗೆ. ಮೂರು, ಮೋಟಾರ್‌ನ ಅರ್ತ್ ವೈರಿನಿಂದ ಬ್ಯಾಟರಿ ನೆಗೆಟಿವ್‌ಗೆ. ಕೊನೆಯ ಎರಡೂ ಅರ್ಧ ವೋಲ್ಟ್ ಒಳಗೆ ಇದ್ದು, ಮೊದಲನೆಯದು 12ರ ಹತ್ತಿರ ಇದ್ದೂ ಫ್ಯಾನ್ ತಿರುಗದಿದ್ದರೆ ಆಗ ಮೋಟಾರ್ ಹೋಗಿದೆ ಅನ್ನಬಹುದು.

ಹಳೆಬಂಡಿ

ಅಳೆದೆ. ಮೋಟಾರ್‌ನ ಎರಡು ವೈರಿನ ನಡುವೆ 2.8. ಪಾಸಿಟಿವ್ ಕಡೆ 0.1. ಅರ್ತ್ ಕಡೆ 9.6!

ಮೀಟರ್‌ಮುಳ್ಳು

ಕೂಡಿಸಿ ನೋಡಿ, ಸರಿಯಾಗಿ 12.5. ಬ್ಯಾಟರಿ ಕೊಟ್ಟದ್ದರಲ್ಲಿ ಮುಕ್ಕಾಲು ಪಾಲು ಅರ್ತ್ ದಾರಿಯಲ್ಲೇ ಖರ್ಚಾಗುತ್ತಿದೆ, ಮೋಟಾರ್‌ಗೆ ಸಿಗುತ್ತಿರುವುದು 2.8 ಮಾತ್ರ. ಫ್ಯಾನ್‌ನ ಅರ್ತ್ ವೈರ್ ಹಿಡಿದು ಹೋಗಿ. ಹೆಡ್‌ಲೈಟ್ ಹಿಂದೆ ಅಥವಾ ಬ್ಯಾಟರಿ ತಟ್ಟೆಯ ಕೆಳಗೆ ಗಾಡಿಯ ಲೋಹದ ಮೈಗೆ (ಬಾಡಿ) ಬೋಲ್ಟ್ ಮಾಡಿರುತ್ತಾರೆ. ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ಕೇಬಲ್ ತೆಗೆಯಿರಿ. ಯಾವಾಗಲೂ ನೆಗೆಟಿವ್ ಮೊದಲು ತೆಗೆಯುವುದು, ಕೊನೆಗೆ ಹಾಕುವುದು. ಪಾಸಿಟಿವ್ ಮೊದಲು ಬಿಚ್ಚುವಾಗ ಪಾನಾ ಬಾಡಿಗೆ ತಗುಲಿದರೆ ನೇರ ಶಾರ್ಟ್.

ಹಳೆಬಂಡಿ

ಸಿಕ್ಕಿತು! ಎಡ ಹೆಡ್‌ಲೈಟ್ ಹಿಂದೆ, ಬ್ಯಾಟರಿ ತಟ್ಟೆಯ ಅಂಚಿನಲ್ಲಿ. ಬೋಲ್ಟ್ ತಲೆ ಹೊರಗಿನಿಂದ ಚೆನ್ನಾಗೇ ಕಾಣುತ್ತಿತ್ತು. ಬಿಚ್ಚಿದರೆ ರಿಂಗ್ ಟರ್ಮಿನಲ್ ಕೆಳಗೆ ಬಿಳಿ-ಹಸಿರು ಪುಡಿ, ಅದರಡಿ ಬಾಡಿಯ ಶೀಟ್ ಮೇಲೆ ತುಕ್ಕಿನ ಪದರ. ಬ್ಯಾಟರಿಯ ಆಸಿಡ್ ಹಬೆ ಅಲ್ಲಿಗೆ ತಾಗುತ್ತಿತ್ತು ಅನ್ನಿಸುತ್ತದೆ. ಮರಳು ಕಾಗದದಲ್ಲಿ ಲೋಹ ಹೊಳೆಯುವ ತನಕ ಉಜ್ಜಿ, ಹೊಸ ರಿಂಗ್ ಟರ್ಮಿನಲ್ ಒತ್ತಿ, ಬಿಗಿ ಮಾಡಿದೆ. ಅರ್ತ್ ಕಡೆಯ ಅಳತೆ ಈಗ 0.05ಕ್ಕೆ ಇಳಿದಿದೆ, ಫ್ಯಾನ್ ಗಾಳಿ ಎದುರಿಗೆ ನಿಂತರೆ ತಾಗುತ್ತದೆ. ನಿಂತಲ್ಲೇ ಅರ್ಧ ಗಂಟೆ ಓಡಿಸಿದೆ, ಫ್ಯಾನ್ ಬಂದು ಹೋಗುತ್ತಿದೆ, ಮುಳ್ಳು ನಡು ಬಿಟ್ಟು ಕದಲಲಿಲ್ಲ. ತುಂಬ ಖುಷಿಯಾಗಿದೆ.

ಪಾನಾಪೆಟ್ಟಿಗೆ

ಭೇಷ್! ಬೋಲ್ಟ್ ಬಿಗಿದ ಮೇಲೆ ಹೊರಗಡೆಯಿಂದ ಸ್ವಲ್ಪ ಗ್ರೀಸ್ ಅಥವಾ ಪೆಟ್ರೋಲಿಯಂ ಜೆಲ್ಲಿ ಸವರಿ, ತೇವ ಒಳಗೆ ಹೋಗದಂತೆ. ಎಂಜಿನ್‌ನಿಂದ ಬಾಡಿಗೆ ಬರುವ ಹೆಣೆದ ಅರ್ತ್ ಪಟ್ಟಿಯೂ ಒಂದಿರುತ್ತದೆ, ಅದನ್ನೂ ಇದೇ ಹೊತ್ತಲ್ಲಿ ನೋಡಿಬಿಡಿ. ಅದು ಕೆಟ್ಟರೆ ಸ್ಟಾರ್ಟರ್ ಸೋಮಾರಿಯಾಗುತ್ತದೆ, ಜನ ಬ್ಯಾಟರಿ ಬದಲಿಸುತ್ತಾರೆ.

ಒಂದು ರೇಡಿಯೇಟರ್, ಒಂದು ಪಂಪ್, ಒಂದು ಫ್ಯಾನ್ ಮೋಟಾರ್, ಮೂರೂ ಉಳಿದವು. ಹೊಸದಾಗಿ ಕೈ ಹಾಕುವವರು ಈ ಮೂರು ಅಳತೆಗಳನ್ನು ಮತ್ತೊಮ್ಮೆ ಓದಿ. ಪಾರ್ಟ್ ತರಿಸುವ ಮುನ್ನ ‘ಇದೇ ಕೆಟ್ಟಿದೆ’ ಅಂತ ತೋರಿಸುವ ಒಂದು ಅಳತೆಯೋ, ಕಣ್ಣಿಗೆ ಕಾಣುವ ಗುರುತೋ ಕೈಯಲ್ಲಿರಬೇಕು ಅನ್ನುವುದು ನನ್ನ ಪಕ್ಕಾ ನಿಲುವು. ಎಂಜಿನ್ ಲೈಟ್ ಕೋಡ್ ಓದುವ ಸ್ಕ್ಯಾನರ್ ವಿಷಯವೂ ಹಾಗೇ. ಪಿ0171 ಬಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿದೆ ಅಂತಷ್ಟೇ ಅರ್ಥ. ಕಾರಣ ಬಿರಿದ ವ್ಯಾಕ್ಯೂಮ್ ಪೈಪ್ ಇರಬಹುದು, ಕೊಳೆಯಾದ ಏರ್‌ಫ್ಲೋ ಸೆನ್ಸರ್ ಇರಬಹುದು, ಸೋತ ಪೆಟ್ರೋಲ್ ಪಂಪ್ ಇರಬಹುದು. ಕೋಡ್ ಬಂತು ಅಂತ ನೇರ ಆಕ್ಸಿಜನ್ ಸೆನ್ಸರ್ ಕೊಳ್ಳುವವರನ್ನು ಬಹಳ ನೋಡಿದ್ದೇನೆ.

ಹಳೆಬಂಡಿ

ಇನ್ನು ಆಯಿಲ್ ಹನಿ. ಎಂಜಿನ್ ಕೆಳಭಾಗ ಪೂರ್ತಿ ಕಪ್ಪಗೆ ಒದ್ದೆ, ಎಲ್ಲಿಂದ ಅಂತ ಗೊತ್ತಾಗುತ್ತಿಲ್ಲ. ಗಾಡಿ ಕೆಳಗೆ ಹೋಗಬೇಕಾ?

ನೀಲಿಹ್ಯಾಚ್

ಹೋಗುವ ಮೊದಲು: ಬರೀ ಜಾಕಿ ಮೇಲೆ ನಿಂತ ಗಾಡಿಯ ಕೆಳಗೆ ತಲೆಯಲ್ಲ, ಕೈಯನ್ನೂ ಇಡಬೇಡಿ. ಜಾಕಿ ಎತ್ತುವುದಕ್ಕೆ ಮಾತ್ರ. ಎತ್ತಿದ ಮೇಲೆ ಭಾರ ಹೊರಬೇಕಾದದ್ದು ಜಾಕ್ ಸ್ಟ್ಯಾಂಡ್. ಗಟ್ಟಿ, ಸಮತಟ್ಟಾದ ನೆಲ ಬೇಕು. ನೆಲದಲ್ಲೇ ಉಳಿಯುವ ಚಕ್ರಗಳಿಗೆ ಎರಡೂ ಕಡೆ ಅಡೆ ಕೊಡಬೇಕು. ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರ ಮಾತ್ರ ಹಿಡಿಯುತ್ತದೆ, ಹಿಂಭಾಗ ಎತ್ತಿದಾಗ ಅದರಿಂದ ಪ್ರಯೋಜನ ಇಲ್ಲ. ಸ್ಟ್ಯಾಂಡ್ ಇಡುವ ಜಾಗ ಕೈಪಿಡಿಯಲ್ಲಿ ತೋರಿಸಿರುತ್ತಾರೆ. ಹಳೆ ಗಾಡಿಯಲ್ಲಿ ಆ ಜಾಗದ ತಗಡು ತುಕ್ಕು ತಿಂದು ಮೆತ್ತಗಾಗಿರಬಹುದು, ಬೆರಳಲ್ಲಿ ಒತ್ತಿ, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಸ್ಟ್ಯಾಂಡ್ ಮೇಲೆ ಇಳಿಸಿದ ನಂತರ ಗಾಡಿಯನ್ನು ಒಮ್ಮೆ ಜೋರಾಗಿ ಅಲುಗಾಡಿಸಿ. ಬೀಳುವುದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ.

ಲೀಕ್ ಹುಡುಕುವುದಕ್ಕೆ ಮೊದಲು ತೊಳೆಯಿರಿ. ತಣ್ಣನೆಯ ಎಂಜಿನ್‌ಗೆ ಡಿಗ್ರೀಸರ್ ಹೊಡೆದು, ಬ್ರಷ್‌ನಲ್ಲಿ ಉಜ್ಜಿ ಒರೆಸಿ. ಎಲೆಕ್ಟ್ರಿಕ್ ಕನೆಕ್ಟರ್‌ಗಳ ಮೇಲೆ ನೀರು ರಭಸವಾಗಿ ಬಿಡಬೇಡಿ. ಒಂದೆರಡು ದಿನ ಓಡಿಸಿ ಮತ್ತೆ ನೋಡಿ. ಆಯಿಲ್ ಕೆಳಕ್ಕೆ ಇಳಿಯುತ್ತದೆ, ಓಡುವ ಗಾಳಿಗೆ ಹಿಂದಕ್ಕೂ ಹೋಗುತ್ತದೆ. ಹಾಗಾಗಿ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿರುವ, ಎಲ್ಲಕ್ಕಿಂತ ಮುಂದಿರುವ ಜಾಗವೇ ಮೂಲ.

ನನ್ನ ಊಹೆ ವಾಲ್ವ್ ಕವರ್ (ಎಂಜಿನ್ ಮೇಲ್ತುದಿಯ ಮುಚ್ಚಳ) ಪ್ಯಾಕಿಂಗ್. ರಬ್ಬರ್ ಹಳತಾದರೆ ಪ್ಲಾಸ್ಟಿಕ್ ತರಹ ಗಟ್ಟಿಯಾಗುತ್ತದೆ, ಒತ್ತಿದರೆ ಸಂದಿಗೆ ಕೂರುವುದಿಲ್ಲ. ಅದೇ ಆದರೆ ಮನೆಯಲ್ಲೇ ಬದಲಿಸಬಹುದು.

ಗ್ಯಾರೇಜ್‌ಮನೆ

ಸೇರಿಸುತ್ತೇನೆ. ಪ್ಯಾಕಿಂಗ್ ಬದಲಿಸುವ ಮುಂಚೆ ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಹೊಗೆ ಹೊರಬಿಡುವ ಸಣ್ಣ ವಾಲ್ವ್) ಕಿತ್ತು ಅಲ್ಲಾಡಿಸಿ, ಒಳಗಿನ ಬಿಲ್ಲೆ ಟಿಕ್ ಟಿಕ್ ಅನ್ನಬೇಕು. ಅದು ಕಟ್ಟಿಕೊಂಡರೆ ಎಂಜಿನ್ ಒಳಗೆ ಒತ್ತಡ ಏರಿ, ಹೊಸ ಪ್ಯಾಕಿಂಗ್ ಹಾಕಿದರೂ ಆಯಿಲ್ ಹೊರಗೆ ತಳ್ಳುತ್ತದೆ. ವಾಲ್ವ್ ಕವರ್ ಬೋಲ್ಟ್‌ಗಳು ಸಣ್ಣವು, ಬಹುಪಾಲು ಗಾಡಿಗಳಲ್ಲಿ ಟಾರ್ಕ್ 10 ನ್ಯೂಟನ್-ಮೀಟರ್ ಆಸುಪಾಸು ಅಷ್ಟೇ. ನಡುವಿನಿಂದ ಹೊರಗಡೆಗೆ, ಎರಡು ಸುತ್ತಿನಲ್ಲಿ ಬಿಗಿ ಮಾಡಿ. ಲೀಕ್ ನಿಲ್ಲಲಿ ಅಂತ ಜೋರಾಗಿ ಬಿಗಿದರೆ ಅಲ್ಯೂಮಿನಿಯಂ ಸಿಲಿಂಡರ್ ಹೆಡ್‌ನಲ್ಲಿ ಥ್ರೆಡ್ ಹೋಗುತ್ತದೆ. ಎಂಜಿನ್-ಗೇರ್‌ಬಾಕ್ಸ್ ಸೇರುವ ಜಾಗದಿಂದ ಹನಿ ಬಿದ್ದು, ಮೇಲೆಲ್ಲ ಒಣಗಿದ್ದರೆ ಮಾತ್ರ ಹಿಂದಿನ ಕ್ರ್ಯಾಂಕ್ ಸೀಲ್. ಅದಕ್ಕೆ ಗೇರ್‌ಬಾಕ್ಸ್ ಇಳಿಸಬೇಕು. ಹನಿ ಸಣ್ಣದಿದ್ದರೆ ಆಯಿಲ್ ಮಟ್ಟ ನೋಡಿಕೊಳ್ಳುತ್ತ, ಕ್ಲಚ್ ಬದಲಿಸುವ ದಿನಕ್ಕೆ ಬಿಡಿ. ಎರಡಕ್ಕೂ ಬಿಚ್ಚುವ ಕೆಲಸ ಒಂದೇ.

ಒಂದು ವಿಷಯ ಒತ್ತಿ ಹೇಳಬೇಕು. ಹಳೆಬಂಡಿಯವರ ಗಾಡಿ ಓಡಿದ್ದಕ್ಕಿಂತ ನಿಂತದ್ದು ಹೆಚ್ಚು. ಕಿಲೋಮೀಟರ್ ಕಡಿಮೆ ಅಂದ ಮಾತ್ರಕ್ಕೆ ಗಾಡಿ ಹೊಸದಲ್ಲ. ರಬ್ಬರ್‌ಗೆ ಮತ್ತು ದ್ರವಗಳಿಗೆ ವಯಸ್ಸಾಗುವುದು ಕ್ಯಾಲೆಂಡರ್ ಪ್ರಕಾರ. ಟೈರಿನ ಪಕ್ಕದಲ್ಲಿ ‘ಡಾಟ್’ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಮೇಲಿನ ಗೀರುಗಳು ಆಳವಾಗಿದ್ದರೂ ಹತ್ತು ವರ್ಷದ ಟೈರ್ ಮೇಲೆ ನಾನು ಮನೆಮಂದಿಯನ್ನು ಕೂರಿಸಿಕೊಂಡು ಹೋಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯ ಟೈಮಿಂಗ್ ಬೆಲ್ಟ್. ನಿಮ್ಮ ಎಂಜಿನ್‌ಗೆ ಬೆಲ್ಟ್ ಇದೆಯೋ ಚೈನ್ ಇದೆಯೋ ಮೊದಲು ತಿಳಿದುಕೊಳ್ಳಿ. ಬೆಲ್ಟ್ ಆದರೆ ಯಾವಾಗ ಬದಲಿಸಿದ್ದು ಅನ್ನುವ ದಾಖಲೆ ಹುಡುಕಿ, ಸಿಗದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ ಹಿಡಿಯಿರಿ. ಕೈಪಿಡಿಯಲ್ಲಿ ಕಿಲೋಮೀಟರ್ ಜೊತೆ ವರ್ಷದ ಮಿತಿಯೂ ಇದ್ದರೆ ಯಾವುದು ಮೊದಲು ಬಂತೋ ಅದು. ಬಹಳಷ್ಟು ಎಂಜಿನ್‌ಗಳಲ್ಲಿ ತೆರೆದ ವಾಲ್ವ್ ಮತ್ತು ಮೇಲೆ ಬಂದ ಪಿಸ್ಟನ್ ಒಂದೇ ಜಾಗಕ್ಕೆ ಬರುತ್ತವೆ, ಅವು ತಾಗದಂತೆ ತಾಳ ಹಿಡಿಯುವುದು ಆ ಬೆಲ್ಟ್. ಓಡುವಾಗ ಅದು ತುಂಡಾದರೆ ಪಿಸ್ಟನ್ ವಾಲ್ವ್‌ಗೆ ಬಡಿದು ಬಾಗಿಸುತ್ತದೆ. ಮೊದಲ ಸಲಕ್ಕೆ ಈ ಕೆಲಸ ಗೊತ್ತಿರುವವರ ಕೈಗೆ ಕೊಡಿ. ಕ್ರ್ಯಾಂಕ್ (ಪಿಸ್ಟನ್‌ಗಳ ದಂಡ) ಎರಡು ಸುತ್ತಿಗೆ ಕ್ಯಾಮ್ (ವಾಲ್ವ್ ತೆರೆಯುವ ದಂಡ) ಒಂದು ಸುತ್ತು, ಗುರುತು ಒಂದು ಹಲ್ಲು ತಪ್ಪಿದರೂ ತೊಂದರೆ. ವಾಟರ್ ಪಂಪ್ ಆ ಬೆಲ್ಟ್‌ನಿಂದಲೇ ತಿರುಗುವ ಎಂಜಿನ್ ಆದರೆ, ಅದನ್ನು ಬದಲಿಸಲು ಸರಿಯಾದ ಸಮಯ ಅದೇ.

ಮನೆಯಲ್ಲಿ ಕೈ ಹಾಕಬೇಡಿ ಅಂತ ನಾನು ಹೇಳುವ ಇನ್ನು ಕೆಲವು: ಸಸ್ಪೆನ್ಷನ್‌ನ ಒತ್ತಿಟ್ಟ ಸ್ಪ್ರಿಂಗ್ ಬಿಚ್ಚುವುದು, ಏರ್‌ಬ್ಯಾಗ್‌ನ ಹಳದಿ ಕನೆಕ್ಟರ್‌ಗಳು, ಎಸಿ ಗ್ಯಾಸ್. ಸ್ಪ್ರಿಂಗ್ ಜಾರಿ ಬಂದರೆ ಮೂಳೆ ಉಳಿಯುವುದಿಲ್ಲ.

ದೂರದಾರಿ

ಕೂಲೆಂಟ್ ಬಗ್ಗೆ ಕೇಳುತ್ತೇನೆ. ಹಸಿರು ಇದ್ದರೆ ಹಸಿರೇ, ಕೆಂಪು ಇದ್ದರೆ ಕೆಂಪೇ ಹಾಕಿದರೆ ಸಾಕಲ್ಲವೇ?

ಪಾನಾಪೆಟ್ಟಿಗೆ

ಸಾಲದು. ಬಣ್ಣಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ನಿಯಮ ಇಲ್ಲ, ಒಂದೇ ಬಣ್ಣದಲ್ಲಿ ಬೇರೆ ಬೇರೆ ರಸಾಯನ ಬರುತ್ತದೆ. ಕೈಪಿಡಿ ಹೇಳಿದ ಬಗೆ ನೋಡಿ ಕೊಳ್ಳಿ. ಒಗ್ಗದ ಎರಡು ಬೆರೆತರೆ ತುಕ್ಕು ತಡೆಯುವ ಗುಣ ಹೋಗುತ್ತದೆ, ಕೆಲವೊಮ್ಮೆ ಲೋಳೆ ಕಟ್ಟಿ ರೇಡಿಯೇಟರ್ ಮುಚ್ಚುತ್ತದೆ. ಈಗ ಒಳಗಿರುವುದು ಯಾವುದು ಅಂತ ಗೊತ್ತಿಲ್ಲದಿದ್ದರೆ ಪೂರ್ತಿ ಇಳಿಸಿ, ತೊಳೆದು, ಹೊಸದು ತುಂಬುವುದೇ ಒಳ್ಳೆಯದು. ಸಾಂದ್ರ ಕೂಲೆಂಟ್ ಆದರೆ ಡಿಸ್ಟಿಲ್ಡ್ ನೀರಿನೊಂದಿಗೆ ಸಮಪಾಲು. ಬರೀ ನಲ್ಲಿ ನೀರು ಹಾಕಿ ಓಡಿಸಿದ ಎಂಜಿನ್‌ಗಳ ಒಳಗೆ ಸುಣ್ಣ, ತುಕ್ಕು ಎರಡೂ ಕಟ್ಟುತ್ತದೆ. ಇಳಿಸಿದ ಕೂಲೆಂಟ್ ತೆರೆದಿಡಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಮೂತ್ರಪಿಂಡ ಹೋಗಿ ಸಾಯುತ್ತವೆ. ಹಳೆ ಆಯಿಲ್ ಕೂಡ ಚರಂಡಿಗೆ ಬೇಡ, ಡಬ್ಬಿಯಲ್ಲಿ ಹಿಡಿದು ಬಳಸಿದ ಆಯಿಲ್ ತೆಗೆದುಕೊಳ್ಳುವವರಿಗೆ ಕೊಡಿ.

ಹಳೆಬಂಡಿ

ಲೀಕ್ ವಾಲ್ವ್ ಕವರ್‌ನದ್ದೇ, ತೊಳೆದ ಮೇಲೆ ಹಿಂದಿನ ಮೂಲೆಯಲ್ಲಿ ಹೊಸ ಒದ್ದೆ ಕಾಣಿಸಿತು. ಪಿಸಿವಿ ವಾಲ್ವ್ ಅಲ್ಲಾಡಿಸಿದರೆ ಸದ್ದೇ ಇಲ್ಲ, ಅದೂ ಪ್ಯಾಕಿಂಗೂ ತರಿಸಿದ್ದೇನೆ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್, ದಾಖಲೆ ಸಿಗಲಿಲ್ಲ, ಗ್ಯಾರೇಜಿಗೇ ಕೊಡುತ್ತೇನೆ. ಬ್ರೇಕ್ ಆಯಿಲ್ ಡಬ್ಬಿ ನೋಡಿದೆ, ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ. ಮುಚ್ಚಳದ ಮೇಲೆ ಡಾಟ್ 3 (ಬ್ರೇಕ್ ಆಯಿಲ್‌ನ ದರ್ಜೆ) ಅಂತಿದೆ. ಇದನ್ನು ನಾನೇ ಬದಲಿಸಬಹುದಾ?

ನೀಲಿಹ್ಯಾಚ್

ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಟ್ಟಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇಲ್ಲದ ಗಾಡಿಯಾದರೆ, ಜೊತೆಗೆ ಪೆಡಲ್ ಒತ್ತಲು ಒಬ್ಬರಿದ್ದರೆ ಮಾಡಬಹುದು. ಎಬಿಎಸ್ ಇದ್ದರೂ ಎಷ್ಟೋ ಗಾಡಿಗಳಲ್ಲಿ ಆಗುತ್ತದೆ, ಆದರೆ ಕೆಲವಕ್ಕೆ ಸ್ಕ್ಯಾನರ್ ಬೇಕು, ಮೊದಲು ಸರ್ವಿಸ್ ಪುಸ್ತಕ ನೋಡಿ.

ಬದಲಿಸುವ ಕಾರಣ ಇದು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ, ಹೀರಿದಷ್ಟೂ ಕುದಿಯುವ ಬಿಂದು ಇಳಿಯುತ್ತದೆ. ಡಾಟ್ 3ರ ಕನಿಷ್ಠ ಮಾನದಂಡ ಹೊಸದಾಗಿದ್ದಾಗ 205 ಡಿಗ್ರಿ, ತೇವ ಹೀರಿದ ಮೇಲೆ 140. ಡಾಟ್ 4ಕ್ಕೆ 230 ಮತ್ತು 155. ಉದ್ದ ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದಾಗ ಕ್ಯಾಲಿಪರ್ ಹತ್ತಿರದ ಆಯಿಲ್ ಕುದಿದು ಗುಳ್ಳೆಯಾದರೆ, ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಹೆಚ್ಚಿನ ತಯಾರಕರು ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನುವುದು ಇದಕ್ಕೇ. ಡಾಟ್ 3 ಜಾಗದಲ್ಲಿ ಡಾಟ್ 4 ಸಾಮಾನ್ಯವಾಗಿ ನಡೆಯುತ್ತದೆ. ಡಾಟ್ 5 ಮಾತ್ರ ಬೇಡ, ಅದು ಸಿಲಿಕೋನ್, ಇವುಗಳ ಜೊತೆ ಬೆರೆಯುವುದಿಲ್ಲ. ಡಾಟ್ 5.1 ಬೇರೆ, ಅದು ಗ್ಲೈಕಾಲ್ ಜಾತಿಯದ್ದೇ. ಸೀಲ್ ಒಡೆಯದ ಹೊಸ ಬಾಟಲಿಯನ್ನೇ ಬಳಸಿ. ಪೇಂಟ್ ಮೇಲೆ ಬಿದ್ದರೆ ಕೂಡಲೇ ನೀರು ಸುರಿಯಿರಿ, ಇಲ್ಲದಿದ್ದರೆ ಪೇಂಟ್ ಏಳುತ್ತದೆ.

ಡಬ್ಬಿಯಲ್ಲಿನ ಹಳೆಯದನ್ನು ಸಿರಿಂಜ್‌ನಲ್ಲಿ ಎಳೆದು ಹೊಸದು ತುಂಬಿ. ಚಕ್ರಗಳ ಸರದಿ ಪುಸ್ತಕದಲ್ಲಿ ಇರುವಂತೆ, ಇಲ್ಲದಿದ್ದರೆ ಮಾಸ್ಟರ್ ಸಿಲಿಂಡರ್‌ಗೆ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಭಾಗ) ಅತಿ ದೂರದ ಚಕ್ರದಿಂದ. ಬ್ಲೀಡ್ ನಿಪ್ಪಲ್‌ಗೆ (ಚಕ್ರದ ಬ್ರೇಕ್‌ನಲ್ಲಿ ಆಯಿಲ್ ಹೊರಬಿಡುವ ಸಣ್ಣ ಸ್ಕ್ರೂ) ಪಾರದರ್ಶಕ ಪೈಪ್ ಸಿಕ್ಕಿಸಿ, ಇನ್ನೊಂದು ತುದಿ ಬಾಟಲಿಯ ಆಯಿಲ್‌ನಲ್ಲಿ ಮುಳುಗಿರಲಿ. ಒಳಗಿರುವವರು ಪೆಡಲ್ ಮೆಲ್ಲಗೆ ಒತ್ತಿ ‘ಹಿಡಿದೆ’ ಅನ್ನಬೇಕು, ನೀವು ನಿಪ್ಪಲ್ ತೆರೆಯಬೇಕು, ಮುಚ್ಚಬೇಕು, ಆಮೇಲೆ ‘ಬಿಡಿ’ ಅನ್ನಬೇಕು. ಮುಚ್ಚುವ ಮೊದಲು ಅವರು ಕಾಲೆತ್ತಿದರೆ ಗಾಳಿ ಒಳಗೆ ಹೋಗುತ್ತದೆ. ಹಳೆ ಗಾಡಿಯಲ್ಲಿ ಪೆಡಲ್ ನೆಲದ ತನಕ ಒತ್ತಿಸಬೇಡಿ, ಕೆಳಗೆ ಒಂದು ಮರದ ತುಂಡು ಇಡಿ. ಮಾಸ್ಟರ್ ಸಿಲಿಂಡರ್‌ನ ಸೀಲ್ ಇಷ್ಟು ವರ್ಷ ತಲುಪದ ಒಳಭಾಗದಲ್ಲಿ ತುಕ್ಕು ಇದ್ದರೆ ಸೀಲ್ ಹರಿಯುತ್ತದೆ. ಡಬ್ಬಿಯ ಮಟ್ಟವನ್ನು ಪ್ರತಿ ಐದಾರು ಒತ್ತಿಗೆ ನೋಡುತ್ತಿರಿ, ಖಾಲಿಯಾದರೆ ಮೊದಲಿಂದ ಶುರು.

ಹಳೆಬಂಡಿ

ಹಿಂದಿನ ಎಡಗಡೆಯ ನಿಪ್ಪಲ್ ಕದಲುತ್ತಿಲ್ಲ. ತಲೆ ಸವೆಯುತ್ತದೆ ಅಂತ ಭಯವಾಗಿ ನಿಲ್ಲಿಸಿದ್ದೇನೆ.

ಗ್ಯಾರೇಜ್‌ಮನೆ

ನಿಲ್ಲಿಸಿದ್ದು ಒಳ್ಳೆಯದಾಯಿತು. ನಿಪ್ಪಲ್ ಒಳಗೆ ಟೊಳ್ಳು, ಜೋರು ಮಾಡಿದರೆ ತಿರುಚಿ ಮುರಿಯುತ್ತದೆ. ಬುಡಕ್ಕೆ ತುಕ್ಕು ಬಿಡಿಸುವ ಆಯಿಲ್ ಬಿಟ್ಟು ರಾತ್ರಿ ಪೂರ್ತಿ ಬಿಡಿ. ಆ ಆಯಿಲ್ ಬ್ರೇಕ್ ಲೈನಿಂಗ್‌ಗಾಗಲೀ ಡಿಸ್ಕ್‌ಗಾಗಲೀ ತಾಗಬಾರದು, ಬಟ್ಟೆ ಅಡ್ಡ ಹಿಡಿಯಿರಿ. ಬೆಳಿಗ್ಗೆ ಆರು ಮೂಲೆಯ ಸಾಕೆಟ್ ಹಾಕಿ. ಹನ್ನೆರಡು ಮೂಲೆಯದೂ ಬೇಡ, ಓಪನ್ ಪಾನಾವೂ ಬೇಡ. ಸಾಕೆಟ್ ಮೇಲೆ ಸಣ್ಣ ಸುತ್ತಿಗೆಯಿಂದ ಹತ್ತಾರು ಹಗುರ ಏಟು ಕೊಟ್ಟು, ಮೊದಲು ಬಿಗಿ ಮಾಡುವ ಕಡೆಗೆ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ಕದಲಿದರೆ ಹಿಂದೆ ಮುಂದೆ ಆಡಿಸುತ್ತ ಹೊರತನ್ನಿ, ಹೊಸ ನಿಪ್ಪಲ್ ಹಾಕಿ, ರಬ್ಬರ್ ಟೋಪಿ ಮರೆಯಬೇಡಿ. ಇಷ್ಟಕ್ಕೂ ಕದಲದಿದ್ದರೆ ಬಿಟ್ಟುಬಿಡಿ. ಡ್ರಮ್ ಬ್ರೇಕ್ ಆದರೆ ವೀಲ್ ಸಿಲಿಂಡರ್, ಡಿಸ್ಕ್ ಆದರೆ ಕ್ಯಾಲಿಪರ್ ಬದಲಿಸುವ ಲೆಕ್ಕ. ಆಗ ಬ್ರೇಕ್ ಪೈಪಿನ ನಟ್ಟೂ ಹಿಡಿದಿರುತ್ತದೆ, ಅದನ್ನು ಬಿಚ್ಚಲು ಫ್ಲೇರ್ ನಟ್ ಪಾನಾ ಬೇಕು. ಯಾವುದು ಅಂತ ಒಂದು ಫೋಟೋ ಹಾಕಿ, ನೋಡಿ ಹೇಳುತ್ತೇನೆ.